ಸೀಡರ್ ಪಾರ್ಕಿನ ಕೊನೆಯ ಗವರ್ನರ್

ನಮ್ಮ ಯಜಮಾನರನ್ನು ಗವರ್ನರ್ ಅಂತ ಮೊದಲು ಕರೆದವಳು ನಾನಲ್ಲ, ನಮ್ಮ ಮಗಳು ನೇಹಾ. ಅವಳ ಹೈಸ್ಕೂಲಿನ ಚರಿತ್ರೆ ಕ್ಲಾಸಿನಲ್ಲಿ ಬ್ರಿಟಿಷ್ ವಸಾಹತುಗಳ ಪಾಠ ನಡೆಯುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪನನ್ನು ದಿಟ್ಟಿಸಿ ನೋಡಿ, "ಡ್ಯಾಡ್, ಯು ಆರ್ ಒನ್ ಆಫ್ ದೋಸ್ ಗವರ್ನರ್ಸ್!" ಅಂದಳು. ಆಮೇಲೆ ಆ ಗವರ್ನರುಗಳ ಕಥೆಯನ್ನೂ ಹೇಳಿದಳು, ಎಲ್ಲ ಇಂಗ್ಲಿಷಿನಲ್ಲೇ. ಬಿಳೀ ಸಮವಸ್ತ್ರ, ಗರಿ ಸಿಕ್ಕಿಸಿದ ಟೋಪಿ. ಲಂಡನ್ನಿನವರು ಕಳಿಸಿದ ದೇಶಕ್ಕೆ ಹೋಗುವುದು, ಅಲ್ಲಿಯವರು ಸ್ವಾತಂತ್ರ್ಯ ಕೇಳಿದರೆ ಸೆಲ್ಯೂಟ್ ಹೊಡೆದು ಬಾವುಟ ಇಳಿಸುವುದು, ಅಲ್ಲಿಂದ ಇನ್ನೊಂದು ದೇಶಕ್ಕೆ ವರ್ಗವಾಗಿ ಅಲ್ಲೂ ಬಾವುಟ ಇಳಿಸುವುದು. ಗಲಾಟೆಯಿಲ್ಲದೆ ಇಳಿಸಿದವನೇ ಒಳ್ಳೆಯ ಗವರ್ನರ್. ಕೊನೆಗೆ ಇಳಿಸುವುದಕ್ಕೆ ಬಾವುಟಗಳೇ ಉಳಿಯದೆ, ಸಮುದ್ರದಂಡೆಯ ಯಾವುದೋ ಪುಟ್ಟ ಊರಿನಲ್ಲಿ ಗೋಡೆಗೆ ಈಟಿ, ಡೋಲು ನೇತುಹಾಕಿಕೊಂಡು ಕೂರುತ್ತಿದ್ದರಂತೆ. ಪಕ್ಕದ ಮನೆಯವರಿಗೂ ಅವರು ಯಾರು ಅಂತ ಗೊತ್ತಿರುತ್ತಿರಲಿಲ್ಲವಂತೆ.

"ನನ್ನ ಟೋಪಿಗೆ ಗರಿ ಎಲ್ಲೈತಿ ನೇಹಾ?" ಅಂತ ಇವರು ನಕ್ಕು ಮೊಸರನ್ನ ಕಲಸಿಕೊಂಡರು.

ಗರಿ ಒಂದು ಇರಲಿಲ್ಲ, ಮಿಕ್ಕಿದ್ದೆಲ್ಲ ಸರಿಯಾಗಿಯೇ ಇತ್ತು. ನಮ್ಮವರ ಹೆಸರು ಶ್ರೀಶೈಲ್, ಬಾಗಲಕೋಟೆಯವರು. ನಾನು ಸುಪ್ರಜಾ, ಮೈಸೂರಿನವಳು. ಮದುವೆಯಾಗಿ ಬಂದು ಮೊದಲು ಇಳಿದದ್ದು ಡಾಲಸ್ಸಿನ ಪಕ್ಕದ ಪ್ಲೇನೋದಲ್ಲಿ. ಅಲ್ಲಿ ತ್ರಿನಗರ ಕನ್ನಡ ಬಳಗ ಅಂತ ಒಂದು ಸಾಮ್ರಾಜ್ಯವಿತ್ತು. ಡಾಲಸ್, ಹೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಅದರ ಪ್ರಜೆಗಳು. ಮಹಾಂತಪ್ಪ ಅಂಕಲ್ ಅದನ್ನು ಕಟ್ಟಿದವರು, ಕಟ್ಟಿದ ದಿನದಿಂದಲೂ ಅವರೇ ಅಧ್ಯಕ್ಷರು. ಚುನಾವಣೆ ಇರಲಿಲ್ಲ ಅಂತಲ್ಲ, ಪ್ರತಿ ಸಲವೂ ನಡೆಯುತ್ತಿತ್ತು. ಹೆಸರು ಸೂಚಿಸುವವರೂ ಅವರೇ ಆಗಿದ್ದರಿಂದ ಬೇರೆಯವರ ಹೆಸರು ನೆನಪಾಗುತ್ತಿರಲಿಲ್ಲ, ಅಷ್ಟೆ.

ಇವರಿಗೆ ಹೂಸ್ಟನ್ನಿಗೆ ವರ್ಗವಾದಾಗ ಮಹಾಂತಪ್ಪ ಅಂಕಲ್ಲಿಗೆ ಬಲು ಖುಷಿ. "ಹೊಂಟೀ ಅಂದ್ರ ಹಂಗ ಹೋಗಬ್ಯಾಡ ತಮ್ಮಾ, ಹೂಸ್ಟನ್ ಘಟಕದ ಸಂಚಾಲಕ ಆಗಿ ಹೋಗು," ಅಂದರು. ಇವರು ಅವರನ್ನು ಕಾಕಾ ಅನ್ನುತ್ತಾರೆ. ಕಾಕಾ ಹೇಳಿದ ಮೇಲೆ ಮುಗಿಯಿತು. ಆದರೆ ಹೂಸ್ಟನ್ನಿನ ಕನ್ನಡಿಗರಲ್ಲಿ ಡಾಕ್ಟರುಗಳೇ ಜಾಸ್ತಿ, ಡಾಕ್ಟರಿಗೆ ಇನ್ನೊಬ್ಬರು ಬರೆದುಕೊಟ್ಟ ಚೀಟಿ ಹಿಡಿಸುವುದಿಲ್ಲ. ಪ್ಲೇನೋದಿಂದ ಬರುವ ಅಪ್ಪಣೆಗಳನ್ನು ಕೇಳಿ ಕೇಳಿ ಸಾಕಾಗಿ ಅವರು ಬೇರೆಯಾದರು. ಇವರು ಅದನ್ನು ಎಷ್ಟು ನಯವಾಗಿ ಮುಗಿಸಿದರೆಂದರೆ, ಪಾತ್ರೆ ಪಾಲು ಮಾಡಿಕೊಳ್ಳುವಾಗಲೂ ಒಂದು ಏರುಮಾತು ಬರಲಿಲ್ಲ. ಕೊನೆಯ ದಿನ ಹೂಸ್ಟನ್ನಿನವರು ಇವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಗಂಧದ ಹಾರ ಹಾಕಿ ಕಳಿಸಿದರು. ಮುಂದಿನ ಯುಗಾದಿಗೆ ಕರೆಯಲಿಲ್ಲ. ಅಷ್ಟರಲ್ಲಿ ಇವರಿಗೆ ಆಸ್ಟಿನ್ನಿನ ಆಫೀಸು ಬಡಾವಣೆ ಡೊಮೇನ್‌ನಲ್ಲಿ ಕೆಲಸವಾಗಿ ನಾವು ಅದರ ಪಕ್ಕದ ಸೀಡರ್ ಪಾರ್ಕಿಗೆ ಶಿಫ್ಟ್ ಆಗಿದ್ದೆವು, ಹಾಗಾಗಿ ಅದು ಯಾರ ಗಮನಕ್ಕೂ ಬರಲಿಲ್ಲ.

ಆಸ್ಟಿನ್ನಿಗೂ ಇವರೇ ಸಂಚಾಲಕರಾದರು. "ಅನುಭವ ಇದ್ದಾವ ನೀ," ಅಂದರು ಕಾಕಾ. ಯಾವುದರ ಅನುಭವ ಅಂತ ನಾನು ಕೇಳಬೇಕೆಂದಿದ್ದೆ, ಇವರು ಕಣ್ಣಲ್ಲೇ ಸುಮ್ಮನಿರಿಸಿದರು.

ಆದರೆ ಆಸ್ಟಿನ್ ಹೂಸ್ಟನ್ನಿನಂತಲ್ಲ. ಇಲ್ಲಿ ನಾವು ಮನೆ ಕೊಂಡೆವು. ಹಿತ್ತಲಲ್ಲಿ ಕರಿಬೇವಿನ ಕುಂಡಗಳನ್ನಿಟ್ಟು, ಹಿಮ ಬೀಳುತ್ತದೆ ಅಂತ ಸುದ್ದಿ ಬಂದಾಗಲೆಲ್ಲ ಅವನ್ನು ಮಕ್ಕಳ ಹಾಗೆ ಒಳಗೆ ಎತ್ತಿಕೊಂಡು ಬಂದೆವು. ಇವರಿಗೆ ಇಲ್ಲಿ ಒಂದು ಹೆಸರೂ ಬಂತು. ಸಂಚಾಲಕ ಅಂತಲ್ಲ, ಗಿರ್ಮಿಟ್ಟಿನವರು ಅಂತ. ಗಿರ್ಮಿಟ್ ಅಂದರೆ ಅವರ ಕಡೆಯ ಮಂಡಕ್ಕಿ ಒಗ್ಗರಣೆ. ಹುಣಸೆಹುಳಿ, ಬೆಲ್ಲ, ಈರುಳ್ಳಿಯ ಮಸಾಲೆಗೆ ಮಂಡಕ್ಕಿ ಸುರಿದು, ಮೇಲೆ ಹುರಿಗಡಲೆ ಹಿಟ್ಟು ಉದುರಿಸಿ, ಬಡಿಸುವ ಗಳಿಗೆಯಲ್ಲೇ ಕೈಯಿಂದ ಕಲಸಬೇಕು. ಪಿಕ್ನಿಕ್ ಇರಲಿ, ದೀಪಾವಳಿ ಇರಲಿ, ದೊಡ್ಡ ಪಾತ್ರೆಯೊಳಗೆ ಮೊಣಕೈವರೆಗೆ ಕೈಬಿಟ್ಟು ಕಲಸುತ್ತಾ, ಸುತ್ತ ನಿಂತವರನ್ನು "ಏ, ಸರೀರಿ! ಖಾರ ಕಣ್ಣಿಗೆ ಬೀಳತೈತಿ!" ಅಂತ ಗದರಿಸುತ್ತಾ ಇವರು ಇರುತ್ತಿದ್ದರು. ಪ್ಲೇನೋದ ಪ್ರತಿನಿಧಿ ಅನ್ನುವುದು ಅವರಿಗೂ ಮರೆತುಹೋಗುತ್ತಿತ್ತು, ಜನಕ್ಕೂ ಮರೆತುಹೋಗುತ್ತಿತ್ತು.

ಪ್ಲೇನೋ ಮಾತ್ರ ಮರೆತಿರಲಿಲ್ಲ. ಯುಗಾದಿಯನ್ನು ಯಾವ ಶನಿವಾರ ಮಾಡಬೇಕು ಅಂತ ಅಲ್ಲಿಂದ ಹೇಳಿ ಕಳಿಸುತ್ತಿದ್ದರು. ಮೈಕೂ ಅಲ್ಲಿಂದಲೇ ಬರಬೇಕು, ದೀಪದ ಕಂಬವೂ ಅಲ್ಲಿಂದಲೇ ಬರಬೇಕು. ಒಂದು ಸಲ ಹೈವೇ ಜಾಮ್ ಆಗಿ ದೀಪದ ಕಂಬ ಬರುವಷ್ಟರಲ್ಲಿ ಕಾರ್ಯಕ್ರಮ ಮುಗಿದು ಜನ ಪಾಯಸ ಕುಡಿಯುತ್ತಿದ್ದರು. ಆಮೇಲೆ ಉದ್ಘಾಟನೆ ಆಯಿತು. ಚಿಪ್ ಕಂಪನಿಯಲ್ಲಿ ಕೆಲಸ ಮಾಡುವ ವೆಂಕಟೇಶನಿಗೆ ಅವತ್ತೇ ಸ್ವಾತಂತ್ರ್ಯದ ಕನಸು ಬಿತ್ತು. ಅವನ ಜೊತೆ ನಿವೇದಿತಾ ಸೇರಿದಳು. ಅವಳು ನಮ್ಮ ಹಿಂದಿನ ಬೀದಿಯವಳು, ಮಾತಿನಲ್ಲಿ ಚುರುಕು.

ಗವರ್ನರ್ ವಿರುದ್ಧದ ಚಳವಳಿ ನಡೆದದ್ದು ಗವರ್ನರ್ ಮನೆಯ ಹಾಲಿನಲ್ಲೇ. ಅಷ್ಟು ಜನ ಕೂರುವ ಸೋಫಾ ಬೇರೆ ಯಾರ ಮನೆಯಲ್ಲೂ ಇರಲಿಲ್ಲ, ಮತ್ತೆ ನಮ್ಮಲ್ಲಿ ಮಿರ್ಚಿ ಭಜಿ ಸಿಗುತ್ತಿತ್ತು. ಬಂದವರೆಲ್ಲ ಕೂತ ಮೇಲೆ ಇವರು, "ನೀವು ಆರಾಮ ಮಾತಾಡ್ರಿ, ನಾ ಇದ್ರ ಸರಿ ಕಾಣೂದಿಲ್ಲ, ಗ್ಯಾರೇಜಿನ್ಯಾಗ ಇರ್ತೀನಿ," ಅಂತ ಎದ್ದು ಹೋಗುತ್ತಿದ್ದರು. ಚಳವಳಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ವೆಂಕಟೇಶ ಗ್ಯಾರೇಜಿಗೆ ಹೋಗುತ್ತಿದ್ದ.

"ಸರ್, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಹೇಳೋದು ಹೇಗೆ ಸರ್?"

"ನಂಬಿಕೆ ಇಲ್ಲ ಅನಬ್ಯಾಡ್ರಿ, ಕಾಕಾಗ ಸಿಟ್ಟು ಬರತೈತಿ. 'ಬೆಳೆದ ಮಗ ಬ್ಯಾರೆ ಮನಿ ಮಾಡೂ ಕಾಲ ಬಂತು' ಅನ್ರಿ. ಹೂಸ್ಟನ್ನಿನವರು ಹಂಗ ಅಂದಿದ್ರು."

"ಥ್ಯಾಂಕ್ಸ್ ಸರ್."

ಅವನು ವಾಪಸು ಬಂದು ಅದನ್ನೇ ತನ್ನ ಮಾತಿನ ಹಾಗೆ ಹೇಳುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಟೀ ಸೋಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಕಾಕಾ ಸುಮ್ಮನಿರಲಿಲ್ಲ. ಒಂದು ಭಾನುವಾರ ಫೋನ್ ಮಾಡಿ, "ಶ್ರೀಶೈಲಾ, ಇನ್ನೊಂದು ವರ್ಸ ಗಟ್ಟಿ ಹಿಡಕೊಂಡಿರು. ಆಮ್ಯಾಲ ಪ್ಲೇನೋಕ್ಕ ಬಾ, ನನ್ನ ಖುರ್ಚಿನ ನಿನಗ ಬಿಟ್ಟುಕೊಡ್ತೀನಿ," ಅಂದರು. ಅವರು ಕುರ್ಚಿ ಬಿಡುವ ಮಾತಾಡಿದ್ದು ಅದೇ ಮೊದಲು.

"ಮಂದಿ ಬ್ಯಾಡ ಅಂದ ಮ್ಯಾಲ ಹಿಡಕೊಂಡು ಕುಂಡ್ರಾಕ ಇದೇನು ನಮ್ಮಪ್ಪನ ಹೊಲ ಏನ್ರಿ ಕಾಕಾ?" ಅಂದುಬಿಟ್ಟರು ಇವರು. ಕಾಕಾ ಫೋನ್ ಇಟ್ಟರು. ಆ ದಿನ ನನಗೆ ನನ್ನ ಗಂಡನ ಮೇಲೆ ಹೆಮ್ಮೆ ಅನ್ನಿಸಿತು. ಹೇಳಲಿಲ್ಲ, ಹೋಳಿಗೆ ಮಾಡಿದೆ.

ಹೋಳಿಗೆ ತಿನ್ನುತ್ತಾ ಅವರು ಒಂದು ಮಾತು ಹೇಳಿದರು. "ಸುಪ್ರಜಾ, ಹೂಸ್ಟನ್ ಬಿಟ್ಟು ಬಂದ್ವಿ, ಆತು. ಇದನ್ನ ಬಿಟ್ಟು ಎಲ್ಲಿಗೆ ಹೋಗೂದು? ಈ ಸಂಚಾಲಕಗಿರಿ ಮುಗೀಲಿ, ನನಗ ಯಾವ ಖುರ್ಚಿನೂ ಬ್ಯಾಡ. ಎಲ್ಲಾರ ಹಂಗ ನಾನೂ ಒಬ್ಬಾಂವ ಆಗಿರ್ತೀನಿ. ಗಿರ್ಮಿಟ್ ಕಲಸೂದೊಂದು ನನ್ನ ಕೈಯಾಗ ಬಿಟ್ರ ಸಾಕು."

ಇದಕ್ಕಿಂತ ಅಗ್ಗದ ಪಿಂಚಣಿ ಯಾವ ಗವರ್ನರೂ ಕೇಳಿರಲಾರ.

ಆಗಸ್ಟ್ ಹದಿನೈದರ ಹತ್ತಿರದ ಶನಿವಾರ ಸ್ವಾತಂತ್ರ್ಯ ಅಂತ ನಿಶ್ಚಯವಾಯಿತು. ದಿನ ಆರಿಸಿದವನು ವೆಂಕಟೇಶ, ಅವನಿಗೆ ನಾಟಕದ ಚಟ. ಸೀಡರ್ ಪಾರ್ಕಿನ ಒಂದು ಹಾಲ್ ಬಾಡಿಗೆಗೆ ಹಿಡಿದರು. ಹಿಂದಿನ ದಿನವೇ ಇವರು ಮಂಡಕ್ಕಿ ತಂದು, ಹುರಿಗಡಲೆ ಪುಡಿ ಮಾಡಿ, ತಮ್ಮ ಹಳೇ ಏಪ್ರನ್ ಇಸ್ತ್ರಿ ಮಾಡಿಸಿಕೊಂಡಿದ್ದರು. ಹೌದು, ಏಪ್ರನ್ನಿಗೆ ಇಸ್ತ್ರಿ. ಹಾಲ್ ತಲುಪಿದವರೇ ನೆಟ್ಟಗೆ ಹಿಂದಿನ ಅಡುಗೆಕೋಣೆಗೆ ನಡೆದರು. ಬಾಗಿಲಲ್ಲೇ ನಿವೇದಿತಾ ಎರಡೂ ಕೈ ಅಡ್ಡ ಚಾಚಿದಳು.

"ಅಯ್ಯೋ ಸರ್, ಇವತ್ತು ನೀವು ಯಾವ ಕೆಲಸಾನೂ ಮುಟ್ಟೋ ಹಾಗಿಲ್ಲ! ನೀವು ಚೀಫ್ ಗೆಸ್ಟ್. ಬನ್ನಿ, ಮುಂದೆ ಕೂತ್ಕೊಳ್ಳಿ."

"ಇಲ್ರಿ, ಗಿರ್ಮಿಟ್…"

"ಅದನ್ನ ಹುಡುಗರು ಮಾಡ್ತಾರೆ ಸರ್. ನೀವು ಎಷ್ಟು ಅಂತ ಮಾಡ್ತೀರಾ?"

ಏಪ್ರನ್ ಅವರ ಕೈಯಿಂದ ನನ್ನ ಕೈಗೆ ಬಂತು. ಅವರನ್ನು ಮುಂದಿನ ಸಾಲಿನಲ್ಲಿ, ಪ್ಲೇನೋದಿಂದ ಮುಖ ಗಂಟಿಕ್ಕಿಕೊಂಡು ಬಂದಿದ್ದ ಮಹಾಂತಪ್ಪ ಅಂಕಲ್ ಪಕ್ಕದಲ್ಲಿ ಕೂರಿಸಿದರು. ತ್ರಿನಗರ ಬಳಗದ ಬ್ಯಾನರ್ ಇಳಿಯಿತು. ಇಳಿಸುವ ಹಗ್ಗವನ್ನು ಇವರ ಕೈಗೇ ಕೊಟ್ಟರು. ಆಸ್ಟಿನ್ನಿನ ಹೊಸ ಬ್ಯಾನರ್ ಏರಿತು. ಆಮೇಲೆ ಶಾಲು ಬಂತು, ಪೇಟ ಬಂತು, ಗಂಧದ ಹಾರ ಬಂತು. ಮೈಕ್ ಹಿಡಿದ ನಿವೇದಿತಾಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಆಸ್ಟಿನ್ ಕನ್ನಡಿಗರು ನಿಮ್ಮನ್ನು ಎಂದೂ ಮರೆಯುವುದಿಲ್ಲ ಸರ್. ನೀವು ಎಲ್ಲೇ ಇರಿ, ಹೇಗೇ ಇರಿ, ನಮ್ಮನ್ನು ಹರಸುತ್ತಿರಿ," ಅಂದಳು. ಎಲ್ಲೇ ಇರಿ ಅಂದರೆ ಅವಳ ಮನೆಯ ಹಿಂದೆಯೇ ಇರುತ್ತೇವೆ. ಅವಳ ನಾಯಿ ಬೊಗಳಿದರೆ ನಮಗೆ ಎಚ್ಚರವಾಗುತ್ತದೆ.

ನೇಹಾ ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಆರ್ ವಿ ಮೂವಿಂಗ್?" ಅಂದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಸ್ಟಿನ್ನಿನವರಿಗೆ ಇವರ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಪ್ರೀತಿ ಉಕ್ಕಿ ಹರಿಯುತ್ತಿತ್ತು, ಅದೇ ತೊಂದರೆ. ನಮ್ಮ ಜನಕ್ಕೆ ಗೌರವ ತೋರಿಸುವುದು ಅಂದರೆ ಒಂದೇ ಗೊತ್ತು, ಮುಂದೆ ಕೂರಿಸಿ ಶಾಲು ಹೊದಿಸುವುದು. ಆದರೆ ಶಾಲು ಹೊದಿಸುವುದು ಹೊರಗಿನಿಂದ ಬಂದವರಿಗೆ, ಇಲ್ಲವೇ ಹೊರಟು ನಿಂತವರಿಗೆ. ಮನೆಯ ಗಂಡಸಿಗೆ ಯಾರು ಶಾಲು ಹೊದಿಸುತ್ತಾರೆ? ಕೈಗೆ ಬಕೀಟು ಕೊಟ್ಟು, ಸಾರು ಬಡಿಸು ಹೋಗು ಅನ್ನುತ್ತಾರೆ. ಆ ದಿನ ಸಾರಿನ ಬಕೀಟು ಹಿಡಿದು ಎಲ್ಲರೂ ಓಡಾಡಿದರು, ಇವರೊಬ್ಬರು ಹಾರ ಹಾಕಿಕೊಂಡು ಕೂತಿದ್ದರು. ತಟ್ಟೆ ಅವರಿದ್ದಲ್ಲಿಗೇ ಬಂತು. ಅದರಲ್ಲಿದ್ದ ಗಿರ್ಮಿಟ್ ಯಾವಾಗಲೋ ಕಲಸಿಟ್ಟದ್ದು, ಮೆತ್ತಗಾಗಿ ಮುದ್ದೆಯಾಗಿತ್ತು. ಇವರು ಒಂದಗುಳೂ ಬಿಡದೆ ತಿಂದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರೆ. ಆಸ್ಟಿನ್ನಿನವರು ಅಂಬಿಗನನ್ನು ಹಾಗೆ ಬಿಡಲೂ ಇಲ್ಲ, ದಡದಲ್ಲಿ ಕೂರಿಸಿ ಪೂಜೆ ಮಾಡಿದರು.

ಹೊಸ ಸಂಘಕ್ಕೆ ಹೊಸ ವಾಟ್ಸಾಪ್ ಗ್ರೂಪ್ ಆಯಿತು. ಅಡುಗೆ ಉಸ್ತುವಾರಿ ಅಂತ ನನ್ನನ್ನು ಸೇರಿಸಿದರು. ಇವರನ್ನು ಸೇರಿಸಲಿಲ್ಲ. ನಾನು ಕೇಳಿದ್ದಕ್ಕೆ ವೆಂಕಟೇಶ, "ಅಯ್ಯೋ ಮೇಡಂ, ಚಿಕ್ಕಪುಟ್ಟ ಮೆಸೇಜೆಲ್ಲ ಬರ್ತಿರುತ್ತೆ, ಸರ್‌ಗೆ ಯಾಕೆ ತೊಂದರೆ ಕೊಡೋದು!" ಅಂದ. ನಂಬಿ, ಅವನ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಗಣೇಶನ ಹಬ್ಬಕ್ಕೆ ಇವರಿಗೆ 'ವಿಶೇಷ ಆಹ್ವಾನಿತರು' ಅಂತ ಬೇರೆಯೇ ಆಹ್ವಾನ ಬಂತು. ಮೊದಲು ಅಂಗಡಿಯಲ್ಲಿ ಸಿಕ್ಕರೆ ಹೆಗಲ ಮೇಲೆ ಕೈಹಾಕಿ ಹರಟುತ್ತಿದ್ದ ಹುಡುಗರು ಈಗ ಕೈ ಮುಗಿಯತೊಡಗಿದರು. ಇವರು ಶನಿವಾರಗಳಲ್ಲಿ ಗ್ಯಾರೇಜಿಗೆ ಹೋಗಿ ದೊಡ್ಡ ಪಾತ್ರೆಯನ್ನು ಒರೆಸಿ ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದರು.

ಅಷ್ಟರಲ್ಲಿ ಪ್ಲೇನೋದಿಂದ ಫೋನ್ ಬಂತು. ಮಹಾಂತಪ್ಪ ಅಂಕಲ್ ಅವರ ಸಾಮ್ರಾಜ್ಯದ ಹೆಸರು ಇನ್ನೂ ತ್ರಿನಗರವೇ, ಉಳಿದಿದ್ದ ನಗರ ಮಾತ್ರ ಒಂದು. ಅದರಲ್ಲೂ ಈಗ ಫ್ರಿಸ್ಕೋದವರು ಬೇರೆಯಾಗುತ್ತೇವೆ ಅಂತ ಎದ್ದಿದ್ದರು. ಫ್ರಿಸ್ಕೋ ಅಂದರೆ ಪ್ಲೇನೋದಿಂದ ರಸ್ತೆ ದಾಟಿದರೆ ಸಿಗುವ ಊರು.

"ಸಿಟ್ಟೆಲ್ಲಾ ಮರತೀನಿ ತಮ್ಮಾ. ಬಂದ್ಬಿಡು. ಹೆಂಗೂ ನಿಮ್ಮ ಕಂಪನಿ ಆಫೀಸು ಇಲ್ಲೂ ಐತಿ. ಫ್ರಿಸ್ಕೋ ನೀನ ನೋಡ್ಕೊಬೇಕು. ಒಡದ್ರೂ ಚಂದಾಗಿ ಒಡೀಬೇಕು, ಅದಕ್ಕ ನಿನ್ನಂಥಾಂವ ಇನ್ನೊಬ್ಬ ಇಲ್ಲ. ರಾಜ್ಯೋತ್ಸವದ ಒಳಗ ಹೇಳು."

ಇವರು ಆಗಲಿ, ಯೋಚನೆ ಮಾಡ್ತೀನಿ ಅಂದರು.

ಅವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ನೇಹಾ ಹೇಗೂ ಕಾಲೇಜಿಗೆ ಹೋಗುತ್ತಾಳೆ, ಮನೆ ಮಾರಿದರಾಯಿತು, ಅಲ್ಲಿ ನಿನಗೆ ಹಳೇ ಗೆಳತಿಯರಿದ್ದಾರೆ ಅಂತ ಇವರು. ನಾನು ಎಲ್ಲಿಗೂ ಬರುವುದಿಲ್ಲ ಅಂತ ನಾನು. "ಕರಿಬೇವಿನ ಗಿಡ ಸಹ ಎಷ್ಟು ಸಲ ಅಂತ ಕುಂಡ ಬದಲಾಯಿಸುತ್ತೆ?" ಅಂತ ಕೂಗಾಡಿದೆ.

"ಅಲ್ಲಿ ನಾ ಬೇಕಾಗೀನಿ ಸುಪ್ರಜಾ," ಅಂದರು ಮೆಲ್ಲಗೆ. "ಇಲ್ಲಿ ನಾ ಯಾರು, ಹೇಳು."

ಅವರ ಮೇಲಿದ್ದ ಸಿಟ್ಟು ಅವತ್ತು ಬೇರೆ ಕಡೆಗೆ ತಿರುಗಿತು.

ರಾಜ್ಯೋತ್ಸವವನ್ನು ಪಾರ್ಕಿನಲ್ಲಿ ಮಾಡಿದೆವು. ದೊಡ್ಡ ಚಪ್ಪರ, ಮುಂದೆ ಕುರ್ಚಿಗಳು, ಹಿಂದೆ ಒಲೆ, ಪಾತ್ರೆ. ಕಾರಿನಲ್ಲಿ ಬರುವಾಗ ಇವರು, "ಇವತ್ತ ಕಾಕಾ ಫೋನ್ ಮಾಡ್ತಾರ. ಹೂಂ ಅಂತೀನಿ," ಅಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಪಾರ್ಕಿನ ಬಾಗಿಲಲ್ಲಿ ನಿಂತಿದ್ದ ಹುಡುಗ ನಮ್ಮ ಕಾರು ನೋಡಿ ಓಡಿ ಬಂದು, "ಸರ್, ನಿಮಗೆ ಗೆಸ್ಟ್ ಪಾರ್ಕಿಂಗ್ ಆ ಕಡೆ!" ಅಂದ.

ಮತ್ತೆ ಮುಂದಿನ ಸಾಲು, ಮತ್ತೆ ಶಾಲು. ಅದು ಮೂರನೆಯದು. ನಾನು ಒಲೆಯ ಹತ್ತಿರ ಮಸಾಲೆ ಬಾಡಿಸುತ್ತಿದ್ದೆ. ಮೈಕಿನಲ್ಲಿ ವೆಂಕಟೇಶ ನಮ್ಮ ಗೌರವಾನ್ವಿತ ಅತಿಥಿಗಳು ಅನ್ನುತ್ತಿದ್ದ. ಅಷ್ಟು ದೂರದಿಂದ ಇವರ ಬೆನ್ನು ಕಾಣಿಸುತ್ತಿತ್ತು. ಹೆಗಲು ಬಾಗಿತ್ತು. ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಸೌಟು ಕೆಳಗಿಟ್ಟೆ, ಚೀಲದಲ್ಲಿದ್ದ ಅವರ ಏಪ್ರನ್ ತೆಗೆದುಕೊಂಡೆ, ನೇರ ಮುಂದಿನ ಸಾಲಿಗೆ ಹೋದೆ.

"ರೀ, ಏಳಿ. ಈರುಳ್ಳಿ ಹೆಚ್ಚಬೇಕು."

ಇವರು ಕಣ್ಣರಳಿಸಿ ನನ್ನನ್ನೇ ನೋಡಿದರು. ವೆಂಕಟೇಶ ಮೈಕ್ ಹಿಡಿದೇ, "ಮೇಡಂ, ಸರ್ ಇವತ್ತು ನಮ್ಮ ಗೆಸ್ಟ್…" ಅಂದ.

"ಹೌದಾ? ನಿಮ್ಮ ಗೆಸ್ಟ್ ಮನೆ ಯಾವ ಊರಲ್ಲಿದೆ ಹೇಳಪ್ಪ ವೆಂಕಟೇಶ."

"ಇಲ್ಲೇ ಮೇಡಂ… ಸೀಡರ್ ಪಾರ್ಕ್."

"ನಿನ್ನ ಮನೆ?"

"ಸೀಡರ್ ಪಾರ್ಕೇ."

"ಮತ್ತೆ ನಿನಗ್ಯಾಕೆ ಶಾಲಿಲ್ಲ?" ಅಂದೆ. ಮಿಕ್ಕವರ ಕಡೆಗೂ ತಿರುಗಿದೆ. "ಮನೆಯವರನ್ನ ಅತಿಥಿ ಮಾಡಿ ಕೂರಿಸಿದರೆ ಅವರು ಎದ್ದು ಎಲ್ಲಿಗೆ ಹೋಗಬೇಕು? ಬಾಗಲಕೋಟೆಗಾ? ಇವರು ಊರು ಬಿಡೋ ಯೋಚನೆ ಮಾಡ್ತಿದ್ದಾರೆ, ಗೊತ್ತಾ ನಿಮಗೆ? ನಿಮ್ಮ ಮರ್ಯಾದೆ ತಡೆಯೋಕಾಗದೆ!"

ನಿವೇದಿತಾ ಬಾಯಿಗೆ ಕೈ ಹಿಡಿದುಕೊಂಡಳು. ನಾನು ಇವರ ಹೆಗಲ ಮೇಲಿದ್ದ ಶಾಲು ತೆಗೆದು ಕುರ್ಚಿಗೆ ಹಾಕಿ, ಏಪ್ರನ್ ಅವರ ಮಡಿಲಿಗೆ ಎಸೆದೆ. ಇವರು ಎದ್ದರು. ನಡೆಯುತ್ತಲೇ ಅದರ ದಾರ ಬೆನ್ನ ಹಿಂದೆ ಕಟ್ಟಿಕೊಂಡರು. ಈರುಳ್ಳಿ ರಾಶಿಯ ಮುಂದೆ ಬಂದು ನಿಂತಾಗ ಅವರ ಕಣ್ಣಲ್ಲಿ ನೀರು ತುಂಬಿತ್ತು. ಚಾಕು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ವೆಂಕಟೇಶ ಹಿಂದೆಯೇ ಬಂದು ತಲೆ ತಗ್ಗಿಸಿ ನಿಂತ. "ಸರ್, ಟೊಮೇಟೊ ನಾನು ಹೆಚ್ಚಲಾ?"

ಇವರು ತಲೆಯೆತ್ತದೆ, "ಬ್ಯಾಡ, ನಿನಗ ಬರೂದಿಲ್ಲ. ಕೊತ್ತಂಬರಿ ಸೋಸು ಹೋಗು," ಅಂದರು.

ಅವನು ಕೂತು ಕೊತ್ತಂಬರಿ ಸೋಸಿದ. ಮುಂದಿನ ಸಾಲಿನಲ್ಲಿ ಶಾಲು ಒಂದೇ ಕೂತು ಭಾಷಣ ಕೇಳುತ್ತಿತ್ತು. ಇವರು ಮಸಾಲೆಗೆ ಮಂಡಕ್ಕಿ ಸುರಿದು, ಮೊಣಕೈವರೆಗೆ ಕೈಬಿಟ್ಟು ಕಲಸತೊಡಗಿದರು. ಸುತ್ತ ನೆರೆದವರನ್ನು "ಏ, ಸರೀರಿ!" ಅಂತ ಒಂದು ಸಲ ಗದರಿಸಿದರು.

ಆಗಲೇ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನಾನು ತೆಗೆದು ನೋಡಿದೆ, ಕಾಕಾ. ಸ್ಪೀಕರ್ ಹಾಕಿ ಇವರ ಮುಖದ ಹತ್ತಿರ ಹಿಡಿದೆ.

"ಏನ್ ತಮ್ಮಾ, ಏನ್ ವಿಚಾರ ಮಾಡಿದಿ? ಯಾವಾಗ ಬರ್ತೀ?"

"ಬರಾಕ ಆಗೂದಿಲ್ರಿ ಕಾಕಾ. ಕೈ ಖಾಲಿ ಇಲ್ಲ."

"ಅಂಥಾದ್ದೇನು ಮಾಡಾಕತ್ತೀಯೋ ಅಲ್ಲಿ?"

"ಗಿರ್ಮಿಟ್ ಕಲಸಾಕತ್ತೀನ್ರಿ," ಅಂದರು ಇವರು, ಕಲಸುತ್ತಲೇ. "ನಡುವ ಬಿಟ್ರ ಮೆತ್ತಗಾಗತೈತಿ."